ರಿಂಗ್ ಸ್ಲಿಂಗ್, ಮುಂಬೈ ಸೆಕೆ, ಆರೂವರೆ ಕೆಜಿ ಕೂಸು

ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂತಾರಲ್ಲ, ನಾನು ಕುಲಾವಿ ಜೊತೆ ಒಂದು ಬೇಬಿ ಕ್ಯಾರಿಯರ್ರೂ ತಗೊಂಡಿಟ್ಟಿದ್ದೆ. ಬೆಲ್ಟು ಬಕಲ್ಲಿನ ಅಗ್ಗದ್ದು, ಮಗು ಕೂರೋ ಜಾಗ ಅಂಗೈ ಅಗಲ, ಕಾಲೆರಡೂ ಕೆಳಗೆ ಜೋತಾಡೋದು, ಒಳಗೆ ಸ್ಪಂಜು ಬೇರೆ, ಮೇ ತಿಂಗಳಲ್ಲಿ ಅದನ್ನ ಹಾಕ್ಕೊಂಡು ಮುಲುಂಡ್ ಸ್ಟೇಷನ್‌ವರೆಗೆ ನಡೆದ್ರೆ ನಮ್ಮಿಬ್ಬರ ಮಧ್ಯೆ ಇಡ್ಲಿ ಬೇಯಿಸಬಹುದಿತ್ತು. ಎರಡೇ ವಾರಕ್ಕೆ ಲಾಫ್ಟ್ ಸೇರ್ತು.

ಆಮೇಲೆ ತಗೊಂಡಿದ್ದು ಈ ರಿಂಗ್ ಸ್ಲಿಂಗ್. ಎರಡು ಮೀಟರ್ ಕೈಮಗ್ಗದ ಕಾಟನ್, ಒಂದು ತುದೀಲಿ ಎರಡು ಅಲ್ಯೂಮಿನಿಯಂ ಬಳೆ, ಅಷ್ಟೇ. ಒಂದು ಹೆಗಲ ಮೇಲಿಂದ ಹಾಕ್ಕೊಂಡು ಇನ್ನೊಂದು ತುದೀನ ಆ ಬಳೆಗಳೊಳಗೆ ತೂರಿಸಿ ಎಳೆದ್ರೆ ಮಗು ಕೂರೋ ಜೋಲಿ. 2,300 ರೂಪಾಯಿ. ನಮ್ಮತ್ತೆ ನೋಡಿ, ಇದಕ್ಕೆ ದುಡ್ಡು ಕೊಟ್ಯಾ, ನನ್ನ ಹಳೇ ಸೀರೆ ಇರ್ಲಿಲ್ವಾ ಅಂದ್ರು. ಸೀರೆ ಜೋಲಿ ಕಟ್ಟೋಕೆ ಸರಿ, ಆದ್ರೆ ಉಟ್ಟು ಉಟ್ಟು ನುಣುಪಾದ ಬಟ್ಟೆ ರಿಂಗಲ್ಲಿ ನಿಲ್ಲಲ್ಲ, ಜಾರುತ್ತೆ. ನೇಯ್ಗೆ ಸ್ವಲ್ಪ ಒರಟಿದ್ರೇನೇ ಕಚ್ಕೊಂಡು ಕೂರೋದು. ತಗೊಳ್ಳೋವಾಗ ರಿಂಗ್ ಸುತ್ತ ಬೆರಳಾಡಿಸಿ ನೋಡಿ, ಬೆಸುಗೆ ಹಾಕಿದ ಗುರುತು ಸಿಕ್ಕಿದ್ರೆ ವಾಪಸ್ ಇಡಿ. ಮೈಗೆ ಸುತ್ತಿ ಕಟ್ಟೋ ಐದು ಮೀಟರ್ ಹಿಗ್ಗೋ ಬಟ್ಟೆಯ ರ‍್ಯಾಪ್ ಬೆಂಗಳೂರಲ್ಲಿರೋ ಅಕ್ಕಂಗೆ ಇಷ್ಟ, ಇಲ್ಲಿ ಅಷ್ಟೊಂದು ಸುತ್ತು ಯಾರ್ ತಡೀತಾರೆ, ಪ್ಲಾಟ್‌ಫಾರ್ಮಲ್ಲಿ ಕಟ್ಟೋಕೆ ಹೋದ್ರೆ ತುದಿ ನೆಲ ಗುಡಿಸುತ್ತೆ.

ಮೊದಲ ಹತ್ತು ದಿನ ಇದನ್ನೂ ಬೈಕೊಂಡೆ ಬಿಡಿ. ರಿಂಗಿಂದ ಕೆಳಗೆ ಜೋತುಬೀಳೋ ಬಾಲಾನ ಪೂರ್ತಿ ಮುಷ್ಟೀಲಿ ಹಿಡಿದು ಜಗ್ಗಿದ್ರೆ ಬಿಗಿ ಆಗಲ್ಲ, ರಿಂಗಲ್ಲಿ ಮುದ್ದೆ ಕಟ್ಟುತ್ತೆ. ಸೀರೆ ನೆರಿಗೆ ಬಿಡಿಸಿದಂಗೆ ಹರಡ್ಕೊಂಡು ಒಂದೊಂದೇ ಪದರ ಎಳೀಬೇಕು, ಮೇಲಿನ ಅಂಚು ಎಳೆದ್ರೆ ಮಗು ಕತ್ತಿನ ಹತ್ರ ಬಿಗಿಯಾಗುತ್ತೆ, ಕೆಳಗಿನದು ಮಂಡಿ ಹಿಂದೆ, ನಡುವಿನದು ಬೆನ್ನಿಗೆ. ಕುಂಡಿ ಕೆಳಗೆ, ಮಂಡಿ ಮೇಲೆ, ಕಪ್ಪೆ ಕೂತಂಗೆ ಕೂರಬೇಕು, ಸೊಂಟದ ಕೀಲಿಗೆ ಅದೇ ಒಳ್ಳೇದು. ಮುಖ ಯಾವಾಗ್ಲೂ ಕಾಣ್ತಿರ್ಬೇಕು, ನಾವು ತಲೆ ಬಗ್ಗಿಸಿದ್ರೆ ಮುತ್ತು ಕೊಡೋ ಎತ್ತರ. ಗದ್ದದ ಕೆಳಗೆ ಬೆರಳು ತೂರೋ ಜಾಗ ಇರ್ಲೇಬೇಕು, ಗದ್ದ ಎದೆಗೆ ಒತ್ಕೊಂಡ್ರೆ ಪುಟ್ಟ ಮಗುಗೆ ಉಸಿರು ಕಟ್ಟಬಹುದು, ಸದ್ದೂ ಮಾಡಲ್ಲ ಅದು. ಹಾಲು ಕುಡಿಸೋಕೆ ಸಡಿಲ ಮಾಡಿದ್ರೆ ಮುಗಿದ್ಮೇಲೆ ಮತ್ತೆ ಮೇಲಕ್ಕೆತ್ತಿ ಬಿಗಿ ಮಾಡಿ. ನಾಲ್ಕು ತಿಂಗಳೊಳಗಿನ ಮಗು, ದಿನ ತುಂಬದೆ ಹುಟ್ಟಿದ್ದು, ತೂಕ ಕಮ್ಮಿ ಇರೋದು ಅಂದ್ರೆ ಮೊದ್ಲು ಡಾಕ್ಟರನ್ನ ಕೇಳಿ. ನಾನು ಶುರು ಮಾಡಿದ್ದೇ ಐದನೇ ತಿಂಗಳಿಗೆ, ಆಗ ಆರೂವರೆ ಕೆಜಿ.

ಮಾಟುಂಗಕ್ಕೆ ಅಮ್ಮನ ಮನೆಗೆ ಹೋಗೋಕೆ ಸ್ಲೋ ಟ್ರೈನು, ಲೇಡೀಸ್ ಡಬ್ಬ. ಒಂದು ಕೈ ಕಂಬಕ್ಕೆ, ಒಂದು ಕೈ ಮಗು ಬೆನ್ನಿಗೆ, ಬ್ಯಾಗು ಹೆಗಲಿಗೆ, ಹಿಂದೆಲ್ಲ ಇದು ಆಗದ ಮಾತು. ನಾಹೂರ್ ದಾಟೋದ್ರೊಳಗೆ ಒಬ್ರು ಕಾಕೂ ಶುರು ಮಾಡಿದ್ರು, ಅಗಂ, ಬಾಳ ಗುದಮರೇಲ್ ನಾ! ಉಸಿರು ಕಟ್ಟುತ್ತೆ ಅಂತ. ಅವರ ಕಡೆ ತಿರುಗಿ ಮಗು ಮುಖ ತೋರಿಸ್ದೆ, ಇವಳು ಬಾಯಿ ತೆರ್ಕೊಂಡು ನಿದ್ದೆ. ಕಾಂಜೂರ್‌ಮಾರ್ಗ್ ಬರೋಷ್ಟ್ರಲ್ಲಿ ಕಾಕೂ ಸೀಟ್ ಬಿಟ್ಕೊಟ್ಟು, ಎಲ್ಲಿ ಸಿಗುತ್ತೆ, ನಮ್ಮ ಸೊಸೆಗೆ ಬೇಕು ಅಂತ ಕೇಳ್ತಿದ್ರು.

ತಕರಾರು ಇಲ್ಲ ಅಂತಲ್ಲ. ಭಾರ ಎಲ್ಲ ಒಂದೇ ಹೆಗಲಿಗೆ, ಮುಕ್ಕಾಲು ಗಂಟೆ ಮೇಲೆ ನನ್ ಕೈಲಾಗಲ್ಲ, ಹೋಗ್ತಾ ಬಲ ಬರ್ತಾ ಎಡ ಅಂತ ಬದಲಾಯಿಸ್ತೀನಿ. ಏನಾದ್ರೂ ಬಿದ್ರೆ ಸೊಂಟ ಬಗ್ಗಿಸೋ ಹಾಗಿಲ್ಲ, ಮಂಡಿ ಮಡಚಿ ಕೂತೇ ಎತ್ತಬೇಕು. ಗ್ಯಾಸ್ ಒಲೆ ಮುಂದೆ ಬೇಡ, ಸ್ಕೂಟರ್ ಅಂತೂ ಬೇಡವೇ ಬೇಡ. ಒಂದು ಅನುಕೂಲ ಏನಂದ್ರೆ ಗಂಡ ಹಾಕ್ಕೊಂಡ್ರೂ ಸೈಜ್ ತೊಂದರೆ ಇಲ್ಲ, ಎಳೆದ್ರೆ ಅವರಿಗೂ ಸರಿಯಾಗುತ್ತೆ. ಕಲಿಯೋ ತಾಳ್ಮೆ ಇದ್ರೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ.

ಮಳೆಗಾಲದಲ್ಲಿ ಒಣಗೋಕೆ ಎರಡು ದಿನ, ಫ್ಯಾನ್ ಕೆಳಗೇ. ಮಷೀನಿಗೆ ಹಾಕೋ ಮುಂಚೆ ರಿಂಗುಗಳನ್ನ ಸಾಕ್ಸ್ ಒಳಗೆ ತುರುಕಿ ಕಟ್ಟಿ, ಇಲ್ದಿದ್ರೆ ಡ್ರಮ್ಮಲ್ಲಿ ಟಣ್ ಟಣ್ ಅಂತ ಬಡಿದು ಮಲಗಿರೋ ಮಗುನ ಎಬ್ಬಿಸುತ್ತೆ. ನಮ್ಮನೇಲಿ ಹಿಂಗೇ ಇವರ ಆಫೀಸ್ ಸಾಕ್ಸ್ ಒಂದು ಒಂಟಿಯಾಗಿದೆ, ಇನ್ನೂ ಹುಡುಕ್ತಿದಾರೆ.