ಎಲ್ರಾಯ್–ಸ್ಪಾರ್ಟಾ ಟ್ರೇಲ್: ಟಾರ್ಚ್ ಮರೀಬೇಡಿ

ಏಳು ವರ್ಷದಿಂದ ಪ್ರತಿ ಬೇಸಿಗೆಗೆ ಒಂದು ಸಲವಾದರೂ ಹೋಗುತ್ತಿದ್ದೇನೆ. ಮ್ಯಾಡಿಸನ್‌ನಿಂದ ಎಲ್ರಾಯ್‌ಗೆ ಕಾರಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ. ಅಮೆರಿಕದ ವಿಸ್ಕಾನ್ಸಿನ್‌ನ ಹಳೇ ರೈಲು ದಾರಿ ಇದು. ಹಳಿ ಕಿತ್ತು, ಸುಣ್ಣಕಲ್ಲಿನ ಪುಡಿ ಹಾಸಿ, 1967ರಲ್ಲಿ ಸೈಕಲ್ಲಿನವರಿಗೆ ಬಿಟ್ಟುಕೊಟ್ಟರು. ಉದ್ದ ಸುಮಾರು 51 ಕಿ.ಮೀ. ರೈಲು ಓಡಿದ ದಾರಿ, ಹಾಗಾಗಿ ಕಡಿದಾದ ಏರು ಇಲ್ಲ. ಆದರೆ ಪೂರ್ತಿ ಮಟ್ಟಸ ಅಂದುಕೊಳ್ಳಬೇಡಿ. ಸುರಂಗದವರೆಗೆ ಸಣ್ಣ ಏರು ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ.

ಜನ ಬರುವುದೇ ಸುರಂಗಕ್ಕೆ. ಒಟ್ಟು ಮೂರಿವೆ. ನಾರ್ವಾಕ್ ಮತ್ತು ಸ್ಪಾರ್ಟಾ ನಡುವಿನ ಮೂರನೆಯದು 3,810 ಅಡಿ, ಅಂದರೆ ಒಂದು ಕಿಲೋಮೀಟರಿಗೂ ಜಾಸ್ತಿ. ಒಳಗೆ ಲೈಟ್ ಇಲ್ಲ, ಸೈಕಲ್ ತಳ್ಳಿಕೊಂಡೇ ನಡೆಯಬೇಕು. ಮೇಲಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಒಂದು ಹನಿ ಕುತ್ತಿಗೆಯೊಳಗೆ ಇಳಿದರೆ ಜುಂ ಅನ್ನುತ್ತದೆ. ಬಾಯಲ್ಲಿ ದೊಡ್ಡ ಮರದ ಬಾಗಿಲುಗಳಿವೆ. ರೈಲು ಓಡುತ್ತಿದ್ದ ಕಾಲದಲ್ಲಿ ಚಳಿಗಾಲದಲ್ಲಿ ಒಬ್ಬ ಕಾವಲುಗಾರ ಪ್ರತಿ ರೈಲಿಗೂ ಅದನ್ನು ತೆಗೆದು ಮುಚ್ಚುತ್ತಿದ್ದನಂತೆ, ಒಳಗೆ ಹಿಮಗಟ್ಟಿ ಕಲ್ಲು ಬಿರಿಯದಿರಲಿ ಅಂತ. ಈಗಲೂ ಚಳಿಗಾಲಕ್ಕೆ ಸುರಂಗ ಮುಚ್ಚುತ್ತಾರೆ.

ಒಂದು ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹೊರಗೆ ಸುಡು ಬಿಸಿಲು, "ಶಾಲು ಯಾಕೋ?" ಅಂತ ನಕ್ಕರು. ನೂರು ಹೆಜ್ಜೆ ಒಳಗೆ ಹೋಗುವಷ್ಟರಲ್ಲಿ ಅವರೇ ಕೇಳಿ ಹೊದ್ದುಕೊಂಡರು. ಆಮೇಲೆ ನನ್ನ ಫೋನಿನ ಟಾರ್ಚ್ ಆರಿತು. ಆ ಕತ್ತಲೆ ಬೇರೆಯದೇ ರೀತಿ, ಕೈ ಎದುರಿಗಿದ್ದರೂ ಕಾಣದು. ಹಿಂದೆ ಬರುತ್ತಿದ್ದ ಅಜ್ಜ ಒಬ್ಬರು ತಮ್ಮ ಲೈಟು ಹಿಡಿದು ನಮ್ಮನ್ನು ದಾಟಿಸಿದರು. ಅಲ್ಲಿಂದ ಎರಡು ಟಾರ್ಚ್ ಒಯ್ಯುತ್ತೇನೆ.

ಪಾಸ್ ವಿಷಯ: 16 ವರ್ಷ ತುಂಬಿದ ಸೈಕಲ್ ಸವಾರರಿಗೆ ಬೇಕು, ನಡೆಯುವವರಿಗೆ ಬೇಡ. ವರ್ಷದ ಪಾಸ್ ತೊಗೊಳ್ಳಿ, ಸ್ಪಾರ್ಟಾದಿಂದ ಮುಂದೆ ಹೋಗುವ ಲಾಕ್ರಾಸ್ ರಿವರ್ ಟ್ರೇಲ್‌ಗೂ ಅದೇ ನಡೆಯುತ್ತದೆ.

ಬಾಡಿಗೆ ಸೈಕಲ್ ಬಗ್ಗೆ ಹುಷಾರು. ಒಂದು ಅಂಗಡಿಯಲ್ಲಿ ಕೊಟ್ಟಿದ್ದರ ಹಿಂದಿನ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ. ಹೇಳಿದರೆ "ದಾರಿ ಮಟ್ಟಸ ಅಲ್ವಾ" ಅಂದರು! ಮಳೆ ಬಂದ ಮರುದಿನವೂ ಹೋಗಬೇಡಿ. ಸುಣ್ಣದ ಪುಡಿ ಹಿಟ್ಟಿನ ಹಾಗೆ ಟೈರಿಗೆ ಮೆತ್ತಿಕೊಳ್ಳುತ್ತದೆ.

ಸ್ಪಾರ್ಟಾದಲ್ಲಿ ಗಗನಯಾತ್ರಿ ಡೀಕ್ ಸ್ಲೇಟನ್ ಹೆಸರಿನ ಮ್ಯೂಸಿಯಂ ಇದೆ, ಬಾಹ್ಯಾಕಾಶವೂ ಸೈಕಲ್ಲೂ ಒಂದೇ ಸೂರಿನಡಿ. ವಿಚಿತ್ರ ಜೋಡಿ, ಆದರೆ ಮಕ್ಕಳು ಹೊರಗೆ ಬರಲ್ಲ ಅಂತಾರೆ. ಪುರಸೊತ್ತಿಲ್ಲದಿದ್ದರೆ ನಾರ್ವಾಕ್‌ನಲ್ಲಿ ಕಾರು ನಿಲ್ಲಿಸಿ, ಮೂರನೇ ಸುರಂಗ ದಾಟಿ ವಾಪಸ್ ಬನ್ನಿ. ಬರುವಾಗ ಹೆಚ್ಚಾಗಿ ಇಳಿಜಾರು.