ತಾಮ್ರದ ತಂತಿಯೋ, ಬೆಳ್ಳಿ ತಂತಿಯೋ?

ಹವ್ಯಾಸಕ್ಕೆ ಓಲೆ, ಪದಕ ಮಾಡುವವರಿಗೆ ಮೊದಲ ಗೊಂದಲ ತಂತಿಯದೇ. ಕೈ ಪಳಗುವವರೆಗೆ ನನ್ನ ಓಟು ತಾಮ್ರಕ್ಕೆ. ಮೆದು, ಅಗ್ಗ, ಹಾಳಾದರೂ ಹೊಟ್ಟೆ ಉರಿಯುವುದಿಲ್ಲ. ಕೊಕ್ಕೆ, ಕೊಂಡಿಗೆ 20 ಗೇಜ್ ಸಾಕು, ಅಂದರೆ ಸುಮಾರು 0.8 ಮಿಲಿಮೀಟರ್ ದಪ್ಪ. ಪದೇ ಪದೇ ಬಗ್ಗಿಸಿದರೆ ತಾಮ್ರ, ಬೆಳ್ಳಿ ಎರಡೂ ಗಡುಸಾಗಿ ಮುರಿಯುತ್ತವೆ. ಹದವಾಗಿ ಕಾಯಿಸಿದರೆ ಮತ್ತೆ ಮೆದುವಾಗುತ್ತವೆ.

ಬೆವರು ತಾಗಿದರೆ ತಾಮ್ರ ಚರ್ಮಕ್ಕೆ ಹಸಿರು ಹತ್ತಿಸುತ್ತದೆ. ತೊಳೆದರೆ ಹೋಗುತ್ತದೆ ಅನ್ನಿ. ಆದರೂ ಉಡುಗೊರೆ ಕೊಟ್ಟವರಿಗೆ ಮುಜುಗರ ಅಲ್ವಾ?

ಸ್ಟರ್ಲಿಂಗ್ ಬೆಳ್ಳಿಯಲ್ಲಿ ಶೇ. 92.5 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರವೇ! ಅದೂ ಕಪ್ಪಾಗುತ್ತದೆ, ಉಜ್ಜಿದರೆ ಹೊಳೆಯುತ್ತದೆ. ಬೆಲೆ ಮಾತ್ರ ಜಾಸ್ತಿ. ಹಾಗಾಗಿ ಕಿವಿಯ ತೂತಿಗೆ ಹೋಗುವ ಕೊಕ್ಕೆಯಷ್ಟೇ ಬೆಳ್ಳಿಯದ್ದಿರಲಿ. ಕೆಳಗೆ ತೂಗುವುದು ತಾಮ್ರದ್ದಾದರೂ ನಡೆಯುತ್ತದೆ, ಎರಡು ಬಣ್ಣ ಸೇರಿದರೆ ಚೆಂದವೇ ಕಾಣುತ್ತದೆ.