ಕೆಸರಿನ ಟೈರ್ ಅಂತ ಹೇಳಿ ಒಣ ನೆಲದ ಟೈರ್ ಕೊಡ್ತಾರೆ, ಹುಷಾರು!

ಕೊಡಗಿನಲ್ಲಿ ಸೈಕ್ಲೋಕ್ರಾಸ್ ಸೈಕಲ್ (ಕೆಸರು, ಹುಲ್ಲಿನ ಮೇಲೂ ಓಡಿಸುವ ರೇಸ್ ಸೈಕಲ್) ಇಟ್ಟುಕೊಂಡವರು, ಚಳಿಗಾಲಕ್ಕೆ ಟೈರ್ ಬದಲಾಯಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮೈಸೂರಿನ ಒಂದು ಸೈಕಲ್ ಅಂಗಡಿಯವರು ನನಗೆ ಟೋಪಿ ಹಾಕಿದ್ದಾರೆ. ಜೋಡಿಗೆ ಏಳು ಸಾವಿರ ಹೋಯಿತು. ಮೊಣಕೈ ತರಚಿ ಇನ್ನೂ ಉರಿಯುತ್ತಿದೆ. ಅವರು ಕೊಟ್ಟ ಉತ್ತರ ನೆನೆದರೆ ಹೊಟ್ಟೆಯೂ ಉರಿಯುತ್ತದೆ.

ಫೋನಿನಲ್ಲೇ ಬಿಡಿಸಿ ಹೇಳಿದ್ದೆ. ನಾವು ಓಡಿಸುವುದು ಮಡಿಕೇರಿ ಸುತ್ತಿನ ತೋಟದ ದಾರಿಗಳಲ್ಲಿ. ಡಿಸೆಂಬರ್, ಜನವರಿ ಅಂದ್ರೆ ಬಯಲುಸೀಮೆಯವರಿಗೆ ಒಣ ನೆಲ. ನಮಗೆ ಹಾಗಲ್ಲ ಅಲ್ವಾ? ತೋಟದ ನೆರಳಲ್ಲಿ ಬಿದ್ದ ಇಬ್ಬನಿ ಬಿಸಿಲೇರಿದರೂ ಆರುವುದಿಲ್ಲ. ಸಿಲ್ವರ್ ಓಕ್ ಎಲೆ ಬಿದ್ದು ಕೊಳೆತಿರುತ್ತದೆ, ಅದರಡಿ ಕೆಂಪು ಜೇಡಿ. ಫೆಬ್ರವರಿ ಹೊತ್ತಿಗೆ ರೊಬಸ್ಟಾ ಕಾಫಿಯ ಹೂವಿಗೆ ಅಂತ ಸ್ಪ್ರಿಂಕ್ಲರ್ ಹಾಕಿದರಂತೂ ದಾರಿಯೆಲ್ಲಾ ಕೆಸರು. ಹಾಗಾಗಿ ಎತ್ತರದ ಬಟನ್ (ಟೈರ್ ಮೇಲೆ ಉಬ್ಬಿರುವ ರಬ್ಬರ್ ತುಂಡು) ಇರುವ, ಬಟನ್‌ಗಳ ನಡುವೆ ಜಾಗ ಬಿಟ್ಟಿರುವ ಮಡ್ ಟೈರ್ ಬೇಕು ಅಂದೆ. ಮೆತ್ತಿಕೊಂಡ ಮಣ್ಣು ಚಕ್ರ ತಿರುಗುವಾಗ ಸಿಡಿದು ಹೋಗಬೇಕು, ಅದಕ್ಕೆ. "ಗೊತ್ತಾಯ್ತು ಸರ್, ಅದನ್ನೇ ಕಳಿಸ್ತೀವಿ" ಅಂದರು. ವಾಟ್ಸಾಪಿಗೆ ಫೋಟೋ ಹಾಕಿದರು. ಫೋಟೋದಲ್ಲಿದ್ದದ್ದು ಮಡ್ ಟೈರೇ.

ಪಾರ್ಸೆಲ್ಲಿನಲ್ಲಿ ಬಂದದ್ದೇ ಬೇರೆ. ನಡುವೆ ಅರದ ಹಲ್ಲಿನ ಹಾಗೆ ಸಣ್ಣ ಸಣ್ಣ ಗೆರೆ, ಅಂಚಿಗೆ ಮಾತ್ರ ಒಂದು ಸಾಲು ಬಟನ್. ಇದಕ್ಕೆ ಫೈಲ್ ಟ್ರೆಡ್ ಅಂತಾರೆ. ಗಟ್ಟಿ ನೆಲ, ಒಣ ಹುಲ್ಲು ಇದ್ದರೆ ಒಳ್ಳೆ ಟೈರೇ. ಕೆಸರಿಗಲ್ಲ. ತಕ್ಷಣ ಫೋನ್ ಮಾಡಿದೆ. "ಹೊಸ ಮಾಡೆಲ್ ಸರ್, ಎಲ್ಲಾ ಕಡೆ ಓಡುತ್ತೆ. ಹಾಕಿ ನೋಡಿ, ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕಳಿಸಿ." ಹಾಕಿ ನೋಡಿ ಅಂದವರು ಅವರೇ. ಮತ್ತೆ ಹೇಳ್ತೀನಿ, ಹಾಕಿ ನೋಡಿ ಅಂದವರು ಅವರೇ.

ಗಾಳಿಬೀಡು ಕಡೆ ಒಂದು ತೋಟದ ಇಳಿಜಾರು. ಟೈರಿನಲ್ಲಿ ಗಾಳಿ 30 ಪಿಎಸ್‌ಐ, ಜಾಸ್ತಿ ಏನಲ್ಲ. ಆ ಗೆರೆಗಳಲ್ಲೆಲ್ಲಾ ಜೇಡಿ ತುಂಬಿ ಟೈರ್ ನುಣ್ಣಗಾಗಿತ್ತು. ತಿರುವಿನಲ್ಲಿ ಮುಂದಿನ ಚಕ್ರ ಹಾಗೇ ಜಾರಿತು. ಕಾಫಿ ಕುಯ್ಯುತ್ತಿದ್ದ ಹೆಂಗಸರು ಓಡಿಬಂದು ಎಬ್ಬಿಸಿದರು. ಅಷ್ಟು ಜನರ ಮುಂದೆ ಆದ ನಾಚಿಕೆ ಬೇರೆ.

ಮನೆಗೆ ಬಂದು ಟೈರ್ ತೊಳೆದಾಗ ಇನ್ನೊಂದು ಕಂಡಿತು. ಪಕ್ಕದ ರಬ್ಬರಿನಲ್ಲಿ ಸುತ್ತಲೂ ಬಿರುಕು. ಬಟನ್ ಮೇಲೆ ಉಗುರು ಒತ್ತಿದರೆ ಗುರುತೇ ಬೀಳುವುದಿಲ್ಲ, ಅಷ್ಟು ಗಟ್ಟಿ. ಹಳೇ ಸ್ಟಾಕ್! ಎಷ್ಟು ವರ್ಷ ಗೋದಾಮಿನಲ್ಲಿ ಕೊಳೆಯುತ್ತಿತ್ತೋ.

ವಾಪಸ್ ತಗೊಳ್ಳಿ ಅಂದಾಗ ಅಂಗಡಿಯವರು ಕೊಟ್ಟ ಉತ್ತರ ಕೇಳಿ. "ಮಣ್ಣು ಹತ್ತಿದೆ ಸರ್, ಯೂಸ್ ಆಗಿರೋದನ್ನ ವಾಪಸ್ ತಗೊಳ್ಳಲ್ಲ." ಹಾಕಿ ನೋಡಿ ಅಂದ ಬಾಯಲ್ಲೇ! ಫೋಟೋ ತೋರಿಸಿದರೆ "ಅದು ಸ್ಯಾಂಪಲ್ ಫೋಟೋ." ಕೊನೆಗೆ, "ನೀವು ಕೇಳಿದ್ದು 33, ನಾವು ಕೊಟ್ಟಿದ್ದು 33. ಇಂಟರ್‌ನ್ಯಾಷನಲ್ ರೇಸಿನ ಸೈಜ್ ಸರ್ ಅದು." ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ರೇಸಿನಲ್ಲಿ 33 ಮಿಲಿಮೀಟರಿಗಿಂತ ಅಗಲದ ಟೈರ್ ಬಿಡುವುದಿಲ್ಲ, ನಿಜ. ಆದರೆ ಅದು ಅಗಲದ ಮಾತು. ನಾನು ಜಗಳ ಆಡ್ತಿರೋದು ಬಟನ್ ಬಗ್ಗೆ. ಬಿಲ್ ತೆಗೆದು ನೋಡಿದೆ. "ಟೈರ್ 700×33, 2 ನಗ" ಅಂತ ಅಷ್ಟೇ. ಕಂಪನಿ ಹೆಸರಿಲ್ಲ, ಮಾಡೆಲ್ ಇಲ್ಲ. ತಲೆಯ ಮೇಲೆ "ಎಸ್ಟಿಮೇಟ್" ಅಂತ ಪ್ರಿಂಟ್. ಬಿಲ್ಲೇ ಅಲ್ಲ ಅದು! ಮೊದಲಿಂದಲೇ ಪ್ಲಾನ್ ಮಾಡಿದ್ದರು ಅಂತ ಆಗ ಹೊಳೆಯಿತು. ಮೈಯೆಲ್ಲಾ ಬಿಸಿಯಾಯಿತು.

ಮಾಡೆಲ್ ಹೆಸರು ಬರೆದ ಪಕ್ಕಾ ಬಿಲ್ ಇಲ್ಲದೆ ಒಂದು ರೂಪಾಯಿ ಹಾಕಬೇಡಿ. ಸಾಧ್ಯವಾದರೆ ಅಂಗಡಿಗೇ ಹೋಗಿ, ಉಗುರು ಒತ್ತಿ, ಪಕ್ಕದ ರಬ್ಬರ್ ಬಗ್ಗಿಸಿ ನೋಡಿ. ಬಿಲ್ ಕೊಡದಿರುವುದು 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ತಪ್ಪು. ದೋಷ ಇರುವ ಮಾಲು ವಾಪಸ್ ತಗೊಳ್ಳಲ್ಲ ಅನ್ನುವುದೂ ತಪ್ಪು. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳಲೇಬೇಕು. ಇದನ್ನು ಹೇಳಿದ್ದಕ್ಕೆ ಬಂದ ಉತ್ತರ: "ಎಲ್ಲಿಗೆ ಬೇಕಾದ್ರೂ ಹೋಗಿ ಸರ್."

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಯಾರಿಗಾದರೂ ಇದೇ ತರ ಆಗಿದ್ದರೆ ಎಸ್ಟಿಮೇಟ್ ಚೀಟಿ, ವಾಟ್ಸಾಪ್ ಮಾತು ಯಾವುದನ್ನೂ ಅಳಿಸಬೇಡಿ. ನೀವೂ ದೂರು ಕೊಡಿ.